ಕಿರುಚಿದರೆ ನಿಲ್ಲಿಸತಕ್ಕದ್ದು

ಔಲಿಸ್ ಆ ಶನಿವಾರ ಬಂಡಿ ನಿಲ್ಲಿಸಿದ್ದು ತಪ್ಪು ಎಂದು ಈಗಲೂ ಹೇಳುವವರು ನಮ್ಮೂರು ಕೂಸಿಲಹ್ತಿಯಲ್ಲಿ ಇಬ್ಬರು ಮೂವರು ಇದ್ದಾರೆ. ಅವರು ಬಂದರೆ ನಾನು ಕಾಫಿ ಕೊಡುತ್ತೇನೆ, ನಮಸ್ಕಾರವನ್ನೂ ಹೇಳುತ್ತೇನೆ. ಡೋನಟ್ ಮಾತ್ರ ನಿನ್ನೆಯದನ್ನು ಆರಿಸಿ ಕೊಡುತ್ತೇನೆ. ಆ ದಿನ ನಡೆದದ್ದನ್ನು ತಲೆಯೆತ್ತಿ ಕಣ್ಣಾರೆ ಕಂಡವಳು ನಾನು. ನನ್ನ ಅಂಗಡಿ ಇರುವುದೇ ಬೆಟ್ಟದ ರೈಲಿನ ಮೊದಲ ಇಳಿಜಾರಿನ ಕೆಳಗೆ.

ಬೇರೆ ಊರಿನವರು ರೋಲರ್ ಕೋಸ್ಟರ್ ಎನ್ನುವುದನ್ನು ನಾವು ಬೆಟ್ಟದ ರೈಲು ಎನ್ನುತ್ತೇವೆ. ಮರದ ಕಂಬ, ಮರದ ತೊಲೆ, ಬಿಳಿ ಬಣ್ಣ. ೧೯೫೧ರಲ್ಲಿ ಕಟ್ಟಿದ್ದು. ಬ್ರೇಕು ಹಳಿಯಲ್ಲಿಲ್ಲ, ಬಂಡಿಯ ಹಿಂದುಗಡೆ ನಿಂತ ಮನುಷ್ಯನ ಕೈಯಲ್ಲಿದೆ. ಮೂವತ್ತೊಂದು ಬೇಸಿಗೆ ನಾನು ಅದರ ಕೆಳಗೆ ಕಾಫಿ ಕಾಯಿಸಿದ್ದೇನೆ. ಬಂಡಿ ತಲೆಯ ಮೇಲೆ ಹಾದುಹೋದಾಗ ಕಪ್ಪುಗಳು ಗಲಗಲ ಎನ್ನುತ್ತವೆ, ಅಷ್ಟೇ. ಮೇಲಿನಿಂದ ಮನುಷ್ಯರ ಸದ್ದು ಬಂದದ್ದಿಲ್ಲ. ನಮ್ಮವರು ಅದರಲ್ಲಿ ಕೂತರೆ ಮುಂದೆ ನೋಡುತ್ತಾರೆ. ಟೋಪಿ ಹಾರಿಹೋದರೂ ತಿರುಗಿ ನೋಡುವುದಿಲ್ಲ. ಇಳಿದು ಬಂದ ಮೇಲೆ ಹೇಗಿತ್ತು ಎಂದು ಕೇಳಿದರೆ ಪರವಾಗಿಲ್ಲ ಎನ್ನುತ್ತಾರೆ. ಇದಕ್ಕಿಂತ ದೊಡ್ಡ ಹೊಗಳಿಕೆಯನ್ನು ನಮ್ಮೂರಿನಲ್ಲಿ ಯಾರೂ ಯಾರಿಗೂ ಕೊಟ್ಟಿಲ್ಲ, ಮದುವೆಯಲ್ಲೂ ಕೊಡುವುದಿಲ್ಲ.

ಬಂಡಿಯ ಹಿಂದೆ ನೀಲಿ ಟೋಪಿ ಹಾಕಿಕೊಂಡು ಬ್ರೇಕಿನ ಹಿಡಿ ಹಿಡಿದು ನಿಲ್ಲುವವನು ಔಲಿಸ್. ಉದ್ದ ಮನುಷ್ಯ, ಒಳ್ಳೆಯವನು, ಆದರೆ ಯಾವ ವಿಷಯವೂ ಅವನ ತಲೆಗೆ ನೇರ ದಾರಿಯಲ್ಲಿ ಹೋಗುವುದಿಲ್ಲ. ಒಮ್ಮೆ ಅವನು ತಪ್ಪಿ ಬೇರೆ ಯಾರದೋ ಶವಸಂಸ್ಕಾರಕ್ಕೆ ಹೋದ. ತಪ್ಪು ಗೊತ್ತಾದ ಮೇಲೆ ಎದ್ದು ಬರುವುದು ಮರ್ಯಾದೆಯಲ್ಲ ಎಂದು ಪೆಟ್ಟಿಗೆಗೆ ಹೆಗಲೂ ಕೊಟ್ಟು, ಕೊನೆಯ ಕಾಫಿಯವರೆಗೆ ಕೂತಿದ್ದು ಬಂದ. ಆ ಮನೆಯವರು ಈಗಲೂ ಅವನಿಗೆ ಕ್ರಿಸ್‌ಮಸ್ಸಿಗೆ ಕಾರ್ಡು ಕಳಿಸುತ್ತಾರೆ. ಇವನೂ ಕಳಿಸುತ್ತಾನೆ. ಅವರು ಯಾರೆಂದು ಇವನಿಗೆ ಗೊತ್ತಿಲ್ಲ, ಇವನು ಯಾರೆಂದು ಅವರಿಗೂ ಗೊತ್ತಿಲ್ಲ.

ಅಂಥವನಿಗೆ ಒಂದೇ ಒಂದು ವಿಷಯ ಸ್ಪಷ್ಟವಿತ್ತು, ಅದು ಹದಿನಾಲ್ಕನೇ ನಿಯಮ. ಬಂಡಿ ಶೆಡ್ಡಿನ ಗೋಡೆಯ ಮೇಲೆ ಗಾಜು ಹಾಕಿ ತೂಗುಬಿಟ್ಟಿದ್ದಾರೆ. ಪ್ರಯಾಣಿಕರಲ್ಲಿ ಯಾರಾದರೂ ಕಿರುಚಿದಲ್ಲಿ ಬ್ರೇಕಿನವನು ಬಂಡಿಯನ್ನು ನಿಲ್ಲಿಸಿ, ಸಮೀಪ ಹೋಗಿ, ಕಾರಣ ವಿಚಾರಿಸತಕ್ಕದ್ದು. ಔಲಿಸನ ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಆ ನಿಯಮ ಒಂದೇ ಸಲ ಜಾರಿಗೆ ಬಂದಿತ್ತು. ಪಕ್ಕದ ಊರಿನ ಪಾದ್ರಿಯೊಬ್ಬರು ಮೊದಲ ಇಳಿಜಾರಿನಲ್ಲಿ, ಮಾಮೂಲು ದನಿಯಲ್ಲಿ, ಬಹುಶಃ ನನ್ನ ಕೋಟಿಗೆ ಬೆಂಕಿ ಹತ್ತಿದೆ ಅಂದಿದ್ದರು. ಜೇಬಿನಲ್ಲಿದ್ದ ಪೈಪು ಆರಿರಲಿಲ್ಲ. ನಮ್ಮೂರಿನ ಅಳತೆಗೆ ಅದು ಕಿರುಚಾಟವೇ. ಔಲಿಸ್ ನಿಲ್ಲಿಸಿದ, ವಿಚಾರಿಸಿದ, ನನ್ನ ಕಾಫಿ ಸುರಿದು ಆರಿಸಿದರು.

ಇಲ್ಲಿ ನನ್ನ ಗಂಡನ ಮಾತು ಹೇಳಬೇಕು. ತೋಯಿವೋ ಕೂಡ ಬ್ರೇಕಿನವನೇ. ಔಲಿಸನೂ ಅವನೂ ಪಾಳಿಯಲ್ಲಿ ದುಡಿಯುತ್ತಿದ್ದರು. ಒಂಬತ್ತು ವರ್ಷದ ಹಿಂದೆ, ಜುಲೈ ತಿಂಗಳ ಒಂದು ಮಧ್ಯಾಹ್ನ, ಪಾಳಿ ಮುಗಿಸಿ ನನ್ನ ಕಿಟಕಿಗೆ ಬಂದ. ಮುಖ ಬಿಳಿಚಿಕೊಂಡಿತ್ತು. ಏನಾದರೂ ತೊಂದರೆ ಇದೆಯಾ ಎಂದು ಔಲಿಸ್ ಕೇಳಿದ. ಏನಿಲ್ಲ ಅಂದ ತೋಯಿವೋ. ಔಲಿಸ್ ನಂಬಿದ. ಹೆಂಡತಿಯಾದ ನಾನೂ ನಂಬಿ ಕಾಫಿ ಬಗ್ಗಿಸಿ ಕೊಟ್ಟೆ. ಒಂದು ಗಂಟೆಯೊಳಗೆ ಶೆಡ್ಡಿನ ಬೆಂಚಿನ ಮೇಲೆ ಅವನು ತೀರಿಹೋದ. ಒಮ್ಮೆ ಕಿರುಚಿದ್ದರೆ ಸಾಕಿತ್ತು ಎಂದು ನಾನು ಇವತ್ತಿಗೂ ಅಂದುಕೊಳ್ಳುತ್ತೇನೆ. ಮಣ್ಣು ಮಾಡಿದ ದಿನ ಔಲಿಸ್ ನನ್ನ ಹತ್ತಿರ ಬಂದು ಒಂದೇ ಮಾತು ಹೇಳಿದ. “ಸಿರ್ಕಾ, ಯಾರಾದ್ರೂ ಕಿರುಚಿದ್ರೆ ನಾನು ನಿಲ್ಸೇ ನಿಲ್ಸ್ತೀನಿ.”

ಹೋದ ಬೇಸಿಗೆಯಲ್ಲಿ ಕಿರುಚುವವರು ಬಂದರು.

ಸ್ಪೇನ್ ದೇಶದ ಮೊಂತೆಸೋಲ್ ಎಂಬ ಊರಿಗೂ ನಮ್ಮೂರಿಗೂ ಇಪ್ಪತ್ತು ವರ್ಷದಿಂದ ಗೆಳೆತನದ ಒಪ್ಪಂದವಿದೆ. ನಾವು ಅವರಿಗೆ ಹಿಮದ ಚಿತ್ರ ಕಳಿಸುತ್ತಿದ್ದೆವು, ಅವರು ನಮಗೆ ಕಿತ್ತಳೆಯ ಚಿತ್ರ ಕಳಿಸುತ್ತಿದ್ದರು, ಎಲ್ಲ ಸುಗಮವಾಗಿತ್ತು. ಅದೇನು ಮನಸ್ಸಾಯಿತೋ, ಹದಿನೆಂಟು ಜನ ಒಂದು ವಾರಕ್ಕೆಂದು ಬಂದೇಬಿಟ್ಟರು. ಅವರ ಮುಂದಾಳು ದೋನ್ಯಾ ರೆಮೇದಿಯೋಸ್, ಎಪ್ಪತ್ತು ದಾಟಿದ ವಿಧವೆ. ತನ್ನೂರಿನಲ್ಲಿ ಎಣ್ಣೆಯಲ್ಲಿ ಕರಿದ ಸಿಹಿತಿಂಡಿಯ ಅಂಗಡಿ ಇಟ್ಟವಳು. ಬಂದ ದಿನವೇ ನನ್ನ ಡೋನಟ್ ಕಚ್ಚಿ, ಕಣ್ಣು ಮುಚ್ಚಿ, ಕಿಟಕಿಯೊಳಗೆ ಅರ್ಧ ನುಗ್ಗಿ ನನ್ನ ಎರಡೂ ಕೆನ್ನೆಗೆ ಮುತ್ತು ಕೊಟ್ಟಳು. ಸಾಲಿನಲ್ಲಿ ನಿಂತ ನಮ್ಮವರು ನೆಲ ನೋಡಿದರು. ದುಭಾಷಿಯಾಗಿ ಬಂದಿದ್ದವಳು ಗ್ರಂಥಾಲಯದ ಇರ್ಮೇಲಿ. ಚಳಿಗಾಲದಲ್ಲಿ ಬಿಸಿಲು ಕಾಯಿಸಲು ಸ್ಪೇನಿಗೆ ಹೋಗಿ ಹೋಗಿ ಅವಳಿಗೆ ಸ್ಪ್ಯಾನಿಶ್ ಬಂದಿತ್ತು.

ಸೋಮವಾರ ಹನ್ನೊಂದಕ್ಕೆ ಹದಿನೆಂಟು ಜನರೂ ಬಂಡಿ ಹತ್ತಿದರು. ಏರು ಹತ್ತುವಾಗಲೇ ಹಾಡಿದರು. ಹಾಡಿನ ಬಗ್ಗೆ ನಿಯಮಾವಳಿಯಲ್ಲಿ ಏನೂ ಇಲ್ಲದ್ದರಿಂದ ಔಲಿಸ್ ಸುಮ್ಮನಿದ್ದ. ತುದಿ ಮುಟ್ಟಿ ಬಂಡಿ ತಲೆ ಬಗ್ಗಿಸಿದ್ದೇ ತಡ, ಹದಿನೆಂಟು ಗಂಟಲು ಒಟ್ಟಿಗೆ ತೆರೆದವು. ಅಂಥ ಸದ್ದನ್ನು ನಾನು ಹುಟ್ಟಿದಾರಭ್ಯ ಕೇಳಿರಲಿಲ್ಲ. ದಡದ ಬಾತುಗಳೆಲ್ಲ ಒಮ್ಮೆಗೇ ಎದ್ದು ಹೋದವು, ಗುರುವಾರದವರೆಗೆ ವಾಪಸು ಬರಲಿಲ್ಲ. ಔಲಿಸ್ ಇಡೀ ಮೈಭಾರ ಹಾಕಿ ಹಿಡಿ ಎಳೆದ. ಬಂಡಿ ಸರಿಯಾಗಿ ನನ್ನ ಅಂಗಡಿಯ ಮೇಲೆ ನಿಂತಿತು, ಹಳಿಯ ಧೂಳು ನನ್ನ ಹಾಲಿನ ಜಗ್ಗಿಗೆ ಬಿತ್ತು.

ಹಿಡಿಗೆ ಸರಪಳಿ ಹಾಕಿ, ಟೋಪಿ ತೆಗೆದು ಎದೆಗೆ ಹಿಡಿದುಕೊಂಡು, ಪಕ್ಕದ ಹಲಗೆಯ ಮೇಲೆ ನಡೆಯುತ್ತ ಔಲಿಸ್ ಒಬ್ಬೊಬ್ಬರನ್ನೇ ವಿಚಾರಿಸಿದ. ಇರ್ಮೇಲಿ ಕೆಳಗೆ ನನ್ನ ಪಕ್ಕ ನಿಂತು, ಕೈ ಬಾಯಿಗಿಟ್ಟು, ಎರಡೂ ಭಾಷೆಯನ್ನು ಮೇಲಕ್ಕೆ ಎಸೆದಳು. ಏನು ತೊಂದರೆ ಎಂದು ಅವನು ದೋನ್ಯಾ ರೆಮೇದಿಯೋಸಳನ್ನು ಕೇಳಿದ. ನಿಲ್ಲಿಸಿದ್ದೇ ತೊಂದರೆ ಅಂದಳು. ಮತ್ತೆ ಏನೆಂದು ಕಿರುಚಿದಿರಿ ಎಂದು ಕೇಳಿದ. ಅಮ್ಮಾ, ನಾನು ಸಾಯುತ್ತೇನೆ ಎಂದು ಕಿರುಚಿದೆ ಅಂದಳು. ಸಾಯುವ ಹಾಗೆ ಆಗಿತ್ತಾ ಎಂದು ಕೇಳಿದ. ಇಲ್ಲ, ಬಹಳ ಚೆನ್ನಾಗಿತ್ತು ಅಂದಳು. ಔಲಿಸ್ ಟೋಪಿ ತಿರುಗಿಸಿದ. ಅವನ ಪಾಲಿಗೆ ಇವು ಒಂದೇ ಹೆಂಗಸಿನ ಮಾತುಗಳಾಗಿರಲಿಲ್ಲ.

ತಗ್ಗಿನಲ್ಲಿ ನಿಂತ ಬಂಡಿ ತಾನಾಗಿ ಮುಂದಿನ ಏರು ಹತ್ತುವುದಿಲ್ಲ. ಹದಿನೆಂಟು ಜನರನ್ನು ಹಲಗೆಯ ಮೇಲೆ ಸಾಲಾಗಿ ಇಳಿಸಬೇಕಾಯಿತು. ಇದೂ ಆಟದ ಭಾಗವೆಂದೇ ತಿಳಿದು ಅವರು ಚಪ್ಪಾಳೆ ತಟ್ಟಿದರು. ಮಂಗಳವಾರ ಮತ್ತೆ ಹತ್ತಿದರು, ಮತ್ತೆ ಕಿರುಚಿದರು, ಔಲಿಸ್ ಮತ್ತೆ ನಿಲ್ಲಿಸಿದ. ನಿನ್ನೆಯಂತೆಯೇ ಖುಷಿಯ ಕಿರುಚಾಟ ಅಲ್ಲವೇ ಎಂದು ನಾನು ಕೇಳಿದರೆ, ನಿನ್ನೆಯದು ಗೊತ್ತು, ಇವತ್ತಿನದು ವಿಚಾರಿಸಿದ ಮೇಲಷ್ಟೇ ಗೊತ್ತಾಗಿದ್ದು ಅಂದ.

ಎರಡು ಸಲ ಬಂಡಿ ನಿಂತರೆ ಜಿಲ್ಲೆಯಿಂದ ತಪಾಸಣಾಧಿಕಾರಿ ಬರಬೇಕು. ಪುಲ್ಕಿನೆನ್ ಬಂದರು. ಐವತ್ತೈದರ ಗಿಡ್ಡ ಮನುಷ್ಯ, ಚರ್ಮದ ಚೀಲ, ಚೀಲದಲ್ಲಿ ತಾವೇ ಕಟ್ಟಿಕೊಂಡು ಬಂದ ರೈ ಬ್ರೆಡ್ಡು. ಬೇರೆಯವರ ಕಾಫಿ ಕುಡಿದರೆ ತೀರ್ಪು ವಾಲುತ್ತದೆಂದು ನನ್ನಲ್ಲಿ ನೀರು ಮಾತ್ರ ಕೇಳಿದರು. ನನ್ನ ಅಂಗಡಿಯ ಮೇಜಿನ ಮೇಲೇ ವಿಚಾರಣೆ ನಡೆಯಿತು.

“ಬಂಡಿ ನಿಂತಿದ್ದಕ್ಕೆ ಕಾರಣ?”

“ಕಿರುಚಿದ್ರು,” ಅಂದ ಔಲಿಸ್.

“ಕಿರುಚಿದ್ದಕ್ಕೆ ಕಾರಣ?”

“ಸಂತೋಷ.”

ಪುಲ್ಕಿನೆನ್ ನಮೂನೆಯ ಮೇಲೆ ಬೆರಳಾಡಿಸಿದರು. “ಕಾಯಿಲೆ ಇದೆ, ಗಾಯ ಇದೆ, ಬೆಂಕಿ ಇದೆ. ಸಂತೋಷ ಇಲ್ಲ.”

“ಇತರೆ ಅಂತ ಒಂದಿದ್ಯಲ್ಲ.”

“ಇತರೆ ಅಂದ್ರೆ ಹಿಂದಿನ ಪುಟದಲ್ಲಿ ಕೊಟ್ಟಿರೋ ಮೂರೇ. ಹಕ್ಕಿ, ಸಿಡಿಲು, ಕಣಜದ ಹುಳ.”

ಇಬ್ಬರೂ ಆ ಮೂರನ್ನು ಗಂಭೀರವಾಗಿ ಪರಿಶೀಲಿಸಿದರು. ಹಕ್ಕಿ ಎಂದು ಬರೆಯಬಹುದೇ ಎಂದು ಔಲಿಸ್ ಕೇಳಿದ, ಬಾತುಗಳು ಹಾರಿದ್ದು ನಿಜವಿತ್ತು. ಆದರೆ ಹಕ್ಕಿ ಹಾರಿದ್ದು ಕಿರುಚಾಟದಿಂದ, ಹಕ್ಕಿಯಿಂದ ಕಿರುಚಾಟ ಅಲ್ಲ ಎಂದು ಪುಲ್ಕಿನೆನ್ ಒಪ್ಪಲಿಲ್ಲ. ಕೊನೆಗೆ ಆ ಖಾನೆಯಲ್ಲಿ ಏನೂ ಇಲ್ಲದೆ ಗೆರೆ ಎಳೆದರು. ಗೆರೆ ಎಳೆದರೆ ಕಾರಣವಿಲ್ಲದೆ ನಿಲ್ಲಿಸಿದ್ದು ಎಂದರ್ಥ.

ವಿಹಾರವನದ ವ್ಯವಸ್ಥಾಪಕಿ ರೌತಿಯೋ ಬಹಳ ದಿನದಿಂದ ಇಂಥದೊಂದು ಗೆರೆಗಾಗಿಯೇ ಕಾದಿದ್ದಳು. ಹಳಿಯಲ್ಲಿ ತಾನೇ ಹಿಡಿದು ತಾನೇ ಬಿಡುವ ಬ್ರೇಕು ಕೂರಿಸುವ ಕಾಗದಗಳು ಅವಳ ಮೇಜಿನ ಖಾನೆಯಲ್ಲಿ ಎರಡು ವರ್ಷದಿಂದ ಸಿದ್ಧವಿದ್ದವು. ಅವಳು ಕೆಟ್ಟವಳಲ್ಲ. ಯಂತ್ರಕ್ಕೆ ಗೊಂದಲ ಆಗುವುದಿಲ್ಲ ಎನ್ನುವುದಷ್ಟೇ ಅವಳ ವಾದ. ಶನಿವಾರ ಗೆಳೆತನದ ಒಪ್ಪಂದ ನವೀಕರಿಸುವ ದಿನ. ಅಂದು ಒಂಬತ್ತು ಜನ ಪುರಸಭೆಯವರೂ ಹದಿನೆಂಟು ಅತಿಥಿಗಳೂ ಒಟ್ಟಿಗೆ ಬಂಡಿ ಏರುವರು, ಪುಲ್ಕಿನೆನ್ ಜೊತೆಗಿರುವರು. ಔಲಿಸ್ ಕಾರಣವಿಲ್ಲದೆ ಇನ್ನೊಮ್ಮೆ ನಿಲ್ಲಿಸಿದರೆ ಈ ಚಳಿಗಾಲದಲ್ಲೇ ಯಂತ್ರ ಬರುವುದು, ಔಲಿಸ್ ಟಿಕೆಟ್ ಗೇಟಿಗೆ ಹೋಗುವುದು. ಹೀಗೆಂದು ಕಾಗದದ ಮೇಲೆ ಆಯಿತು. ಬಂಡಿಯ ಹಿಂದೆ ನಿಲ್ಲದ ಔಲಿಸ್ ಎಲ್ಲಿ ನಿಲ್ಲುತ್ತಾನೋ ನನಗೆ ಊಹಿಸಲಾಗಲಿಲ್ಲ. ಅವನು ಮನೆಯಲ್ಲಿ ಕಾಫಿ ಕುಡಿಯುವುದೂ ನಿಂತೇ.

ಇರ್ಮೇಲಿ ಇದನ್ನು ಅತಿಥಿಗಳಿಗೆ ತಿಳಿಸಿದಾಗ ದೋನ್ಯಾ ರೆಮೇದಿಯೋಸ್ ಎಲ್ಲರ ಎದುರೇ ಗಳಗಳ ಅತ್ತಳು. ನಮ್ಮವರು ಮತ್ತೆ ನೆಲ ನೋಡಿದರು. ಆ ವಾರ ನಮ್ಮೂರಿನ ನೆಲವನ್ನು ನೋಡಿದಷ್ಟು ಯಾವ ವಾರವೂ ನೋಡಿರಲಿಲ್ಲ. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಇವನಿಗೆ ನಾನು ಕಲಿಸುತ್ತೇನೆ ಅಂದಳು.

ಬುಧವಾರ ಬೆಳಿಗ್ಗೆ ನನ್ನ ಅಂಗಡಿಯ ಮುಂದೆ ಪಾಠ ನಡೆಯಿತು. ಅವಳು ಸ್ಟೂಲಿನ ಮೇಲೆ ಕೂತು ಕಿರುಚುವುದು, ಇರ್ಮೇಲಿ ಅರ್ಥ ಹೇಳುವುದು, ಔಲಿಸ್ ನೋಟುಬುಕ್ಕಿನಲ್ಲಿ ಬರೆದುಕೊಳ್ಳುವುದು. ಇದು ಬರೀ ಖುಷಿಯದು. ಇದು ಹೆದರಿಕೆ ಬೆರೆತ ಖುಷಿಯದು. ಇದು ಪಕ್ಕದಲ್ಲಿ ಕೂತವನು ಕಿರುಚಿದನೆಂದು ಅವನಿಗಿಂತ ಜೋರಾಗಿ ಕಿರುಚಿದ್ದು. ಇದು ಅಳಿಯ ಹೇಳದೆ ಕೇಳದೆ ಊಟಕ್ಕೆ ಬಂದಾಗಿನದು. ಕೊನೆಯದು ಬಂಡಿಯಲ್ಲಿ ಬರುತ್ತದೆಯೇ ಎಂದು ಔಲಿಸ್ ಕೇಳಿದ. ಅಳಿಯ ಈ ಸಲ ಜೊತೆಗೆ ಬಂದಿಲ್ಲ ಅಂದಳು. ಅವನು ಅದನ್ನೂ ಬರೆದುಕೊಂಡ. ಆ ಹೊತ್ತಿನಲ್ಲಿ ಕಾಫಿಗೆ ಬಂದವರೆಲ್ಲ ಸಾಲು ಬಿಟ್ಟು ಐಸ್‌ಕ್ರೀಮಿನ ಅಂಗಡಿಗೆ ಹೋದರು.

ಕೊನೆಗೆ ಔಲಿಸ್ ಪೆನ್ಸಿಲು ನಿಲ್ಲಿಸಿ ಕೇಳಿದ. “ಎಲ್ಲ ಕಿರುಚಾಟನೂ ಖುಷಿದೇ ಆದ್ರೆ, ನಿಜವಾಗ್ಲೂ ಏನಾದ್ರೂ ಆದಾಗ ನೀವು ಏನ್ಮಾಡ್ತೀರಿ?”

ಅವಳು ಈ ಪ್ರಶ್ನೆಯನ್ನು ನಿರೀಕ್ಷಿಸಿರಲಿಲ್ಲ. ಎರಡೂ ಕೈ ಮಡಿಲಲ್ಲಿಟ್ಟುಕೊಂಡಳು. “ಸುಮ್ಮನಾಗಿಬಿಡ್ತೀವಿ,” ಅಂದಳು. “ನನ್ನ ಗಂಡ ಹೋದಾಗ ಮೂರು ದಿನ ನನ್ನ ಬಾಯಿಂದ ಮಾತು ಹೊರಡಲಿಲ್ಲ. ಬೀದಿಯವರೆಲ್ಲ ಹೆದರಿ ಡಾಕ್ಟರನ್ನ ಕರಕೊಂಡು ಬಂದ್ರು.”

ಇರ್ಮೇಲಿ ಇದನ್ನು ನಮ್ಮ ಭಾಷೆಗೆ ತಂದಳು. ನನ್ನ ಕಣ್ಣು ತುಂಬಿತ್ತು. ನಾನು ತೋಯಿವೋ ಹೋದ ಮರುದಿನವೇ ಅಂಗಡಿ ತೆರೆದವಳು. ಸುಮ್ಮನಿದ್ದೆ, ಆದರೆ ನಾನು ಯಾವಾಗಲೂ ಸುಮ್ಮನಿರುವವಳೇ ಆದ್ದರಿಂದ ಯಾರಿಗೂ ಏನೂ ಗೊತ್ತಾಗಲಿಲ್ಲ. ಔಲಿಸ್ ನೋಟುಬುಕ್ಕಿನಲ್ಲಿ ಸದ್ದಿಲ್ಲದಿದ್ದರೆ ಅಪಾಯ ಎಂದು ಬರೆದು ಅಡಿಗೆರೆ ಹಾಕಿದ.

ಇಲ್ಲಿಗೆ ಎಲ್ಲ ಸರಿಹೋಗಬೇಕಿತ್ತು. ಹಾಳಾದದ್ದು ಎರಡೂ ಕಡೆಯವರ ಒಳ್ಳೆಯತನದಿಂದ.

ಗುರುವಾರ ಸಂಜೆ ಪುರಸಭೆ ಕೂಡಿತು. ಅತಿಥಿಗಳು ಕಿರುಚುವಾಗ ನಾವು ಸುಮ್ಮನೆ ಕೂತರೆ ಅವರಿಗೆ ಅವಮಾನವಲ್ಲವೇ ಎಂದು ಯಾರೋ ಪ್ರಶ್ನೆಯೆತ್ತಿದರು. ಶನಿವಾರ ಮೊದಲ ಇಳಿಜಾರಿನಲ್ಲಿ ಪುರಸಭೆಯ ಸದಸ್ಯರೂ ಅತಿಥಿಗಳ ಗೌರವಾರ್ಥ ಕಿರುಚತಕ್ಕದ್ದೆಂದು, ಇದನ್ನು ಅತಿಥಿಗಳಿಗೆ ಮೊದಲೇ ತಿಳಿಸದೆ ಅಚ್ಚರಿಗೊಳಿಸತಕ್ಕದ್ದೆಂದು ಎಂಟು ಮತಗಳಿಂದ ತೀರ್ಮಾನವಾಯಿತು. ಅದೇ ಸಂಜೆ, ಯಾತ್ರಿನಿವಾಸದ ಊಟದ ಕೋಣೆಯಲ್ಲಿ ದೋನ್ಯಾ ರೆಮೇದಿಯೋಸ್ ತನ್ನವರನ್ನು ಕೂರಿಸಿಕೊಂಡು, ಪಾಠ ಎಷ್ಟು ತಲೆಗೆ ಹತ್ತಿದೆಯೋ ಯಾರಿಗೆ ಗೊತ್ತು, ಆ ಪಾಪದ ಮನುಷ್ಯನ ನೌಕರಿ ನಮ್ಮ ಗಂಟಲಲ್ಲಿದೆ, ಶನಿವಾರ ಯಾರೂ ಉಸಿರೆತ್ತಕೂಡದು ಎಂದು ಆಣೆ ಹಾಕಿಸಿದಳು. ತಾನೇ ಹೇಳಿಕೊಟ್ಟ ಕೊನೆಯ ಪಾಠ ಅವಳಿಗೆ ಮರೆತೇಹೋಗಿತ್ತು.

ಎರಡೂ ಕಡೆಯ ಸುದ್ದಿ ಇರ್ಮೇಲಿಗೆ ಗೊತ್ತಿತ್ತು. ಯಾರಿಗೂ ಹೇಳಬೇಡ ಎಂದು ಎರಡೂ ಕಡೆಯವರು ಹೇಳಿದ್ದರು. ನಮ್ಮೂರಿನ ಹೆಂಗಸಿಗೆ ಹೇಳಬೇಡ ಅಂದರೆ ಮುಗಿಯಿತು. ಇರ್ಮೇಲಿ ಎರಡು ರಾತ್ರಿ ನಿದ್ದೆ ಮಾಡಲಿಲ್ಲ, ಆದರೆ ಹೇಳಲಿಲ್ಲ.

ಶುಕ್ರವಾರ ಅಗ್ನಿಶಾಮಕ ಠಾಣೆಯ ಕೊಟ್ಟಿಗೆಯಲ್ಲಿ ಬಾಗಿಲು ಹಾಕಿಕೊಂಡು ಪುರಸಭೆಯವರು ಅಭ್ಯಾಸ ಮಾಡಿದರು. ಅದರ ನಡಾವಳಿ ಪುಸ್ತಕ ಇಂದಿಗೂ ಇದೆ. ಮೊದಲ ಪ್ರಯತ್ನದಲ್ಲಿ ಎರಡು ಕಿರುಚಾಟ ದಾಖಲಾಗಿ, ಅವುಗಳಲ್ಲಿ ಒಂದು ಕೆಮ್ಮೆಂದು ತಿಳಿದುಬಂತು. ಅಧ್ಯಕ್ಷೆ ತಾವೇ ಮಾದರಿ ತೋರಿಸಿದಾಗ ಪಕ್ಕದ ಮನೆಯಿಂದ ತುರ್ತು ಕರೆ ಹೋಯಿತು. ಆ ಕರೆ ಬಂದದ್ದು ಅದೇ ಠಾಣೆಗೆ. ಠಾಣೆಯವರು ನಿಯಮದಂತೆ ವಾಹನ ಹೊರಡಿಸಿ, ಬೀದಿ ಸುತ್ತಿ, ಮರಳಿ ತಮ್ಮದೇ ಬಾಗಿಲಿಗೆ ಬಂದು ಒಳಗೆ ಏನಾಗುತ್ತಿದೆ ಎಂದು ವಿಚಾರಿಸಿದರು. ಏನಿಲ್ಲ ಎಂದು ಉತ್ತರ ಬಂತು. ತೃಪ್ತರಾದರು.

ಶನಿವಾರ ಬೆಳಿಗ್ಗೆ ಯಾತ್ರಿನಿವಾಸದಲ್ಲಿ ಅತಿಥಿಗಳು ತಮ್ಮ ಅಭ್ಯಾಸ ಮಾಡಿದರು. ಹದಿನೆಂಟು ಜನ ಗಂಜಿಯ ಬಟ್ಟಲ ಮುಂದೆ ತುಟಿ ಬಿಗಿದು ಕೂತದ್ದನ್ನು ಅಲ್ಲಿನ ಮೇಲ್ವಿಚಾರಕ ಕಂಡ. ಐದು ದಿನ ಅವನ ತಾರಸಿ ಹಾರಿಹೋಗುವಂತೆ ಮಾತಾಡಿದವರು ಅವರು. ಯಾರೋ ತೀರಿಕೊಂಡಿದ್ದಾರೆ ಎಂದು ಅವನಿಗೆ ಖಾತ್ರಿಯಾಯಿತು. ಯಾರೆಂದು ಕೇಳುವುದು ಸಭ್ಯತೆಯಲ್ಲ. ಮನೆಯಲ್ಲಿ ಸಾವಾದರೆ ಏನು ಮಾಡಬೇಕೋ ಅದನ್ನು ಮಾಡಿದ. ಅಂಗಳದ ಬಾವುಟವನ್ನು ಅರ್ಧಕ್ಕೆ ಇಳಿಸಿದ. ದಾರಿಯಲ್ಲಿ ಹೋಗುವವರು ನೋಡಿ ಟೋಪಿ ತೆಗೆದರು. ಯಾರೂ ಏನೂ ಕೇಳಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಮೆಟ್ಟಿಲ ಮೇಲೆ ನಾಲ್ಕು ಹೂಗುಚ್ಛಗಳಿದ್ದವು.

ಸೈಕಲ್ಲಿನಲ್ಲಿ ಬರುತ್ತಿದ್ದ ಔಲಿಸನೂ ಆ ಬಾವುಟ ಕಂಡ. ಬಂದವನೇ ಅತಿಥಿಗಳನ್ನು ಎಣಿಸಿದ. ಹದಿನೆಂಟು. ಮತ್ತೆ ಎಣಿಸಿದ, ಮತ್ತೆ ಹದಿನೆಂಟು. ಯಾರೂ ಸತ್ತಿರಲಿಲ್ಲ, ಆದರೆ ಯಾರೂ ಮಾತಾಡುತ್ತಲೂ ಇರಲಿಲ್ಲ. ದೋನ್ಯಾ ರೆಮೇದಿಯೋಸ್ ಅವನನ್ನು ಕಂಡು ಕಣ್ಣು ಮಿಟುಕಿಸಿದಳು, ಬಾಯಿ ತೆರೆಯಲಿಲ್ಲ. ಅವನು ನನ್ನ ಕಿಟಕಿಗೆ ಬಂದು, ಕಾಫಿ ಮುಟ್ಟದೆ, ಇವತ್ತು ಏನೋ ಆಗುತ್ತೆ ಸಿರ್ಕಾ ಎಂದು ಹೇಳಿ ಹೋದ.

ಮುಂದಿನ ಸೀಟಿನಲ್ಲಿ ಗೌರವದ ಜೋಡಿಯಾಗಿ ಪುಲ್ಕಿನೆನ್ ಮತ್ತು ದೋನ್ಯಾ ರೆಮೇದಿಯೋಸ್. ಹಿಂದೆ ಪುರಸಭೆ, ಅದರ ಹಿಂದೆ ಅತಿಥಿಗಳು, ಎಲ್ಲಕ್ಕಿಂತ ಹಿಂದೆ ನೀಲಿ ಟೋಪಿ. ರೌತಿಯೋ ಫೈಲು ಹಿಡಿದುಕೊಂಡು ನನ್ನ ಪಕ್ಕ ನಿಂತಳು. ಬಂಡಿ ಹಾಡಿಲ್ಲದೆ ಏರಿತು. ತುದಿಯಲ್ಲಿ ಅಧ್ಯಕ್ಷೆ ಕೈಗಡಿಯಾರ ನೋಡಿಕೊಂಡದ್ದು ನನಗೆ ಕಾಣಿಸಿತು. ಬಂಡಿ ಬಾಗಿದ ಕೂಡಲೇ ಅವರು ಕಿರುಚಿದರು. ಅವರ ಹಿಂದೆ, ಸ್ಥಾನಮಾನದ ಕ್ರಮದಲ್ಲಿ, ಉಳಿದ ಎಂಟು ಜನ ಕಿರುಚಿದರು. ನಮ್ಮವರ ಗಂಟಲಿನಿಂದ ಅಂಥ ಸದ್ದು ಬರುವುದೆಂದರೆ ಒಂಬತ್ತು ಕೋಟುಗಳಿಗೆ ಬೆಂಕಿ ಹತ್ತಿರಬೇಕು. ಅತಿಥಿಗಳ ಕಡೆಯಿಂದ ಉಸಿರಿಲ್ಲ. ದೋನ್ಯಾ ರೆಮೇದಿಯೋಸ್ ಬಾಯಿಗೆ ಕರವಸ್ತ್ರ ತುರುಕಿಕೊಂಡಿದ್ದಳು.

ಬಂಡಿ ನನ್ನ ಅಂಗಡಿಯ ಮೇಲೆ ನಿಂತಿತು. ಹಾಲಿನ ಜಗ್ಗನ್ನು ನಾನು ಮುಚ್ಚಿಟ್ಟಿದ್ದೆ.

ರೌತಿಯೋ ಫೈಲನ್ನು ತೆರೆದು ಪೆನ್ನು ತೆಗೆದಳು. “ಮುಗೀತು,” ಅಂದಳು. ಖುಷಿಯಿಂದ ಹೇಳಲಿಲ್ಲ, ಅಷ್ಟು ನಾನು ಹೇಳಬೇಕು.

ಔಲಿಸ್ ಹಿಡಿಗೆ ಸರಪಳಿ ಹಾಕಿದ, ಟೋಪಿ ತೆಗೆದ, ಹಲಗೆಯ ಮೇಲೆ ಹೊರಟ. ಅತಿಥಿಗಳನ್ನು ಕೇಳಿದ. ಅವರು ಆಣೆ ಮುರಿಯದೆ ತಲೆಯಾಡಿಸಿದರು, ಕೈಸನ್ನೆಯಿಂದ ಮುಂದೆ ಹೋಗು ಹೋಗು ಎಂದರು. ಪುರಸಭೆಯವರನ್ನು ಕೇಳಿದ. ಏನಿಲ್ಲ, ಇದು ಕಾರ್ಯಕ್ರಮದಂತೆ ಎಂದು ಒಬ್ಬೊಬ್ಬರೂ ಹೇಳಿದರು. ಕೊನೆಗೆ ಮುಂದಿನ ಸೀಟಿಗೆ ಬಂದ. ಪುಲ್ಕಿನೆನ್ ಚೀಲವನ್ನು ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು.

“ಏನಾದ್ರೂ ತೊಂದ್ರೆ ಇದ್ಯಾ?”

“ಏನಿಲ್ಲ,” ಅಂದರು ಪುಲ್ಕಿನೆನ್.

ಔಲಿಸ್ ತಲೆಯಾಡಿಸಿ ತಿರುಗಿದ. ಎರಡು ಹೆಜ್ಜೆ ಹಾಕಿದ. ಆ ಏನಿಲ್ಲವನ್ನು ನಾನೂ ಕೆಳಗಿನಿಂದ ಕೇಳಿದ್ದೆ. ಒಂಬತ್ತು ವರ್ಷದ ಹಿಂದೆ ನನ್ನ ಕಿಟಕಿಯಲ್ಲಿ ಕೇಳಿದ್ದೂ ಅದೇ, ದನಿ ಬೇರೆ ಅಷ್ಟೇ. ನನ್ನ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತು. ಮೇಲೆ ಔಲಿಸನ ಹೆಜ್ಜೆ ನಿಂತಿತು.

ನಮ್ಮೂರಿನಲ್ಲಿ ಯಾರೂ ಎರಡನೇ ಸಲ ಕೇಳುವುದಿಲ್ಲ. ಕೇಳಿದರೆ ನಿನ್ನ ಮಾತು ನನಗೆ ನಂಬಿಕೆಯಿಲ್ಲ ಎಂದಂತೆ. ಎರಡನೇ ಸಲ ಕೇಳಿದ್ದಕ್ಕೆ ಮಾತು ಬಿಟ್ಟ ಅಣ್ಣತಮ್ಮಂದಿರು ನಮ್ಮ ಬೀದಿಯಲ್ಲೇ ಇದ್ದಾರೆ. ಔಲಿಸ್ ಹಿಂತಿರುಗಿ ಹೋಗಿ, ಹಲಗೆಯ ಮೇಲೆ ಕುಕ್ಕರುಗಾಲಲ್ಲಿ ಕೂತು, ಅಧಿಕಾರಿಯ ಮುಖಕ್ಕೆ ಮುಖ ಕೊಟ್ಟು ಮತ್ತೆ ಕೇಳಿದ.

“ಪುಲ್ಕಿನೆನ್ ಅವ್ರೇ, ಏನಾದ್ರೂ ತೊಂದ್ರೆ ಇದ್ಯಾ?”

ಮರದ ತೊಲೆಗಳು ಬಿಸಿಲಿಗೆ ಕಿರುಗುಟ್ಟುತ್ತಿದ್ದವು.

“ಎಡಗೈ,” ಅಂದರು ಪುಲ್ಕಿನೆನ್. “ಬೆಳಿಗ್ಗೆಯಿಂದ. ಎದೇಲೂ ಸ್ವಲ್ಪ. ಕಾರ್ಯಕ್ರಮ ಮುಗೀಲಿ, ಆಮೇಲೆ ಹೇಳೋಣ ಅಂತ ಇದ್ದೆ.”

ದೋನ್ಯಾ ರೆಮೇದಿಯೋಸಳಿಗೆ ಮಾತು ಅರ್ಥವಾಗಲಿಲ್ಲ, ಮುಖ ಅರ್ಥವಾಯಿತು. ಬಾಯಿಂದ ಕರವಸ್ತ್ರ ಕಿತ್ತೆಸೆದಳು. ಆಮೇಲೆ ಅವಳು ಹಾಕಿದ ಕೂಗು ನೋಟುಬುಕ್ಕಿನಲ್ಲಿ ಇರಲಿಲ್ಲ. ಅರ್ಧ ಮೈಲಿ ದೂರದ ಅಗ್ನಿಶಾಮಕ ಠಾಣೆಯವರು ಫೋನಿಗೂ ಕಾಯದೆ ಬಂದರು. ಹಲಗೆಯ ಮೇಲೆ ನಾಲ್ಕು ಜನ ಪುಲ್ಕಿನೆನ್‌ರನ್ನು ಹೊತ್ತು ಇಳಿಸಿದರು. ಅವರು ಚೀಲ ಬಿಡಲಿಲ್ಲ. ನನ್ನ ಅಂಗಡಿಯ ಮುಂದೆ ಹಾದುಹೋಗುವಾಗ, ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಿ ಎಂದು ನನಗೂ ರೌತಿಯೋಗೂ ಒಟ್ಟಿಗೆ ಹೇಳಿದರು. ಬಂಡಿ ಪೂರ್ತಿ ಸುತ್ತು ಹೊಡೆದು ಬಂದಿದ್ದರೆ, ಆಮೇಲೆ ಭಾಷಣಗಳೂ ಮುಗಿಯುವವರೆಗೆ ಅವರು ಹಾಗೇ ಕೂತಿದ್ದರೆ, ಬದುಕಿಸುವುದು ಕಷ್ಟವಿತ್ತೆಂದು ಆಸ್ಪತ್ರೆಯ ಡಾಕ್ಟರು ಹೇಳಿದರು.

ಕಿರುಚಿದ್ದಕ್ಕೆ ನಿಲ್ಲಿಸಿದೆಯೋ, ಸುಮ್ಮನಿದ್ದದ್ದಕ್ಕೆ ನಿಲ್ಲಿಸಿದೆಯೋ ಎಂದು ರೌತಿಯೋ ಔಲಿಸನನ್ನು ಕೇಳಿದಳು. ಅವನು ಟೋಪಿ ತಿರುಗಿಸಿದ. “ನಂಗೆ ಏನೂ ಅರ್ಥ ಆಗ್ಲಿಲ್ಲ,” ಅಂದ. “ಅರ್ಥ ಆಗ್ಲಿಲ್ಲ ಅಂದ್ರೆ ನಿಲ್ಸಿ ಕೇಳ್ಬೇಕು ತಾನೇ.” ಯಂತ್ರಕ್ಕೆ ಗೊಂದಲವಾಗುವುದಿಲ್ಲ ಎನ್ನುತ್ತಿದ್ದವಳು ಫೈಲು ಮುಚ್ಚಿಕೊಂಡು ಹೋದಳು.

ಬಂಡಿ ನಿಂತರೆ ನಮೂನೆ ತುಂಬಬೇಕಾದವರು ತಪಾಸಣಾಧಿಕಾರಿ. ಪುಲ್ಕಿನೆನ್ ಆಸ್ಪತ್ರೆಯ ಹಾಸಿಗೆಯಲ್ಲೇ ತುಂಬಿ ಕಳಿಸಿದರು. ಹಿಂದಿನ ಪುಟದಲ್ಲಿ ಹಕ್ಕಿ, ಸಿಡಿಲು, ಕಣಜದ ಕೆಳಗೆ ಅಂಕುಡೊಂಕು ಕೈಬರಹದಲ್ಲಿ ನಾಲ್ಕನೆಯದೊಂದನ್ನು ಸೇರಿಸಿ ಸಹಿ ಹಾಕಿದ್ದರು. ಕಾರಣ: ಪ್ರಯಾಣಿಕನು ಕಿರುಚಲಿಲ್ಲ. ಪ್ರಯಾಣಿಕನ ಹೆಸರು ಎಂಬಲ್ಲಿ ತಮ್ಮ ಹೆಸರನ್ನೇ ಬರೆದಿದ್ದರು. ಔಲಿಸನ ಹಿಡಿ ಔಲಿಸನ ಕೈಯಲ್ಲೇ ಉಳಿಯಿತು. ಶೆಡ್ಡಿನ ಗೋಡೆಯ ಹದಿನಾಲ್ಕನೇ ನಿಯಮದ ಕೆಳಗೆ ಈಗ ಒಂದು ಸಾಲು ಹೆಚ್ಚಿದೆ. ಕಾರಣವನ್ನು ಎರಡು ಸಲ ವಿಚಾರಿಸತಕ್ಕದ್ದು.

ಅತಿಥಿಗಳು ಹೋದ ಮೇಲಿನ ಸೋಮವಾರ, ಶನಿವಾರದ ಕೂಗಿಗೆ ಹಾರಿದ್ದ ಬಾತುಗಳೆಲ್ಲ ದಡಕ್ಕೆ ಮರಳಿದ್ದವು. ಔಲಿಸ್ ಒಂದು ಸುತ್ತು ಮುಗಿಸಿ ನನ್ನ ಕಿಟಕಿಗೆ ಬಂದು ಕಪ್ಪು ಚಾಚಿದ. ಹೇಗಿದ್ದೀಯ ಸಿರ್ಕಾ ಎಂದು ಕೇಳಿದ. ಒಂಬತ್ತು ವರ್ಷದಿಂದ ದಿನಾ ಕೇಳುತ್ತಾನೆ. ಏನಿಲ್ಲ ಅಂದೆ, ಅದೂ ಒಂಬತ್ತು ವರ್ಷದಿಂದ ಹೇಳುತ್ತಿರುವುದೇ. ಕಾಫಿ ಬಗ್ಗಿಸಿ ಕೊಟ್ಟೆ. ಅವನು ಹೋಗಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಹೇಗಿದ್ದೀಯ ಸಿರ್ಕಾ?”

ನಾನು ಹೇಳಿದೆ. ಮೊಣಕಾಲಿನಿಂದ ಶುರುಮಾಡಿದೆ, ತೋಯಿವೋನ ಕೋಟು ಇನ್ನೂ ಬಾಗಿಲ ಹಿಂದೆ ತೂಗುತ್ತಿರುವುದಕ್ಕೆ ಬಂದೆ. ಐವತ್ತು ನಿಮಿಷ ಹಿಡಿಯಿತು. ಅವನ ಕಾಫಿ ಆರಿ ತಣ್ಣಗಾಯಿತು, ಮುಂದಿನ ಬಂಡಿ ತಡವಾಯಿತು, ಹತ್ತಿ ಕೂತಿದ್ದ ಜನ ಏನೂ ಅನ್ನದೆ ಮುಂದೆ ನೋಡುತ್ತ ಕಾದರು.

ಮಾರನೆಯ ದಿನದಿಂದ ಔಲಿಸ್ ಪಾಳಿಗೆ ಒಂದು ಗಂಟೆ ಮೊದಲೇ ಬರುತ್ತಾನೆ.